ದಂಡಿಗೆಯಿಂದ ಕಾರಿನವರೆಗೆ

ಪುತ್ತೂರಿನ ಯಾವುದಾದರೊಂದು ಮದುವೆ ಹಾಲ್‌ನ ಗೇಟಿನ ಬಳಿ ಅರ್ಧ ಗಂಟೆ ನಿಂತು ನೋಡಿ. ದೊಡ್ಡ ಕಾರೊಂದು ಒಳಗೆ ಬಂದರೆ ಕಾವಲುಗಾರ ಸೀಟಿ ಊದಿ ನೆರಳಿರುವ ಜಾಗ ತೋರಿಸುತ್ತಾನೆ. ಮನೆಯವರಲ್ಲೊಬ್ಬರು ಮೆಟ್ಟಿಲಿಳಿದು ಬಂದು ಕೈ ಹಿಡಿದು ಕರೆದೊಯ್ಯುತ್ತಾರೆ. ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದ ಹಿರಿಯರೊಬ್ಬರು ಬದಿಯಿಂದ ಒಳನುಗ್ಗಿ ಹಿಂದಿನ ಸಾಲಿನ ಕುರ್ಚಿ ಹುಡುಕುತ್ತಾರೆ. ಸಂಬಂಧದಲ್ಲಿ ಅವರೇ ಹತ್ತಿರದವರಿರಬಹುದು. ಊಟ ಮುಗಿಸಿ ಹೊರಡುವಾಗ ಯಾರೋ ಕೇಳುತ್ತಾರೆ: "ನೀವು ಕಾರಲ್ಲಿ ಬಂದದ್ದಾ?" ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ "ಇಲ್ಲ, ಬಸ್ಸಲ್ಲಿ" ಎನ್ನುವಾಗ ಸ್ವರ ಯಾಕೋ ಸಣ್ಣದಾಗುತ್ತದೆ.

ಆ ಸ್ವರ ಸಣ್ಣದಾಗಬಾರದು ಎಂಬ ಒಂದೇ ಕಾರಣಕ್ಕೆ ನಮ್ಮ ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳ ಅಂಗಳಕ್ಕೆ ಕಾರು ಬಂದು ನಿಂತಿದೆ. ಕೆಲವರ ಮನೆಯಲ್ಲಿ ಅದು ವಾರಕ್ಕೊಮ್ಮೆ ಹೊರಡುತ್ತದೆ, ಕಂತು ಮಾತ್ರ ತಿಂಗಳು ತಿಂಗಳಿಗೂ ತಪ್ಪದೆ ಹೊರಡುತ್ತದೆ. ಇದನ್ನು ಹುಚ್ಚು ಎಂದು ನಕ್ಕುಬಿಡುವುದು ಸುಲಭ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಬುದ್ಧಿ ಹೇಳುವುದು ಇನ್ನೂ ಸುಲಭ. ಆದರೆ ಲೆಕ್ಕ ಗೊತ್ತಿರುವ, ಅಡಿಕೆಯ ಒಂದು ರೂಪಾಯಿ ಧಾರಣೆಗೂ ಚೌಕಾಶಿ ಮಾಡುವ ಜನ ಯಾಕೆ ಕಾರಿನ ವಿಷಯದಲ್ಲಿ ಲೆಕ್ಕ ಮರೆಯುತ್ತಾರೆ? ಇದಕ್ಕೆ ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ, ಕಾರು ಇಲ್ಲದ ಕಾಲಕ್ಕೆ ಹೋಗಬೇಕು.

ಹೆಗಲ ಮೇಲಿನ ಗೌರವ

ಘಟ್ಟದ ತಪ್ಪಲಿನ ಈ ಸೀಮೆಯಲ್ಲಿ ಗಾಲಿಗಿಂತ ಮೊದಲು ಇದ್ದುದು ಹೆಗಲು. ಅಕ್ಕಿ ಮುಡಿ, ಅಡಿಕೆ, ಕಾಳುಮೆಣಸು ಎಲ್ಲವೂ ತಲೆಹೊರೆಯಲ್ಲೋ ಎತ್ತಿನ ಬೆನ್ನ ಮೇಲೋ ಸಾಗುತ್ತಿದ್ದವು. ತೋಡು ದಾಟಲು ಅಡಿಕೆ ಮರದ ಸಂಕ, ಹೊಳೆ ದಾಟಲು ದೋಣಿ. ಮಳೆಗಾಲದಲ್ಲಿ ಕೆಸರು, ಬೇಸಗೆಯಲ್ಲಿ ಏರುದಾರಿ. ಅಂತಹ ದಾರಿಯಲ್ಲಿ ಕಾಲಿಗೆ ಕೆಸರು ತಾಗದಂತೆ ಹೋಗಬಲ್ಲವನು ದೊಡ್ಡವನು ಎಂದು ಜನ ತಿಳಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಹೋಗುವ ಸಾಧನವೇ ದಂಡಿಗೆ, ಅಂದರೆ ಪಲ್ಲಕ್ಕಿ. ತುಳುವಿನ ಪಾಡ್ದನಗಳಲ್ಲಿ ಬಲ್ಲಾಳರ ಬೀಡು ಬಂದಲ್ಲಿ ದಂಡಿಗೆಯೂ ಬರುತ್ತದೆ.

ಈ ದಂಡಿಗೆಯ ವಿಶೇಷವೆಂದರೆ ಅದು ಹಣ ಕೊಟ್ಟರೆ ಸಿಗುವ ವಸ್ತುವಾಗಿರಲಿಲ್ಲ. ಯಾರು ಏರಬಹುದು, ಯಾರು ಹೊರಬೇಕು, ಯಾರು ದಾರಿ ಬಿಟ್ಟು ಬದಿಗೆ ಸರಿಯಬೇಕು ಎಂಬುದು ಹುಟ್ಟಿನಿಂದ ಮತ್ತು ಅರಸರ ಅಪ್ಪಣೆಯಿಂದ ತೀರ್ಮಾನವಾಗುತ್ತಿತ್ತು. ಸತ್ತಿಗೆ ಹಿಡಿಯುವುದು, ಕಾಲಿಗೆ ಮೆಟ್ಟು ಹಾಕುವುದು ಕೂಡ ಹಾಗೆಯೇ. ತಲೆಗೆ ಹಾಳೆಯ ಮುಟ್ಟಾಳೆ ಇಟ್ಟು ನಡೆಯುವ ಗೇಣಿದಾರನಿಗೆ, ಹೊರೆ ಹೊತ್ತು ಸಂತೆಗೆ ಹೋಗುವ ಬ್ಯಾರಿ ವ್ಯಾಪಾರಿಗೆ, ಗದ್ದೆಯಲ್ಲಿ ದುಡಿಯುವ ದಲಿತನಿಗೆ ಕೈಯಲ್ಲಿ ನಾಲ್ಕು ಕಾಸು ಬಂದರೂ ದಂಡಿಗೆ ಬರುತ್ತಿರಲಿಲ್ಲ.

ಗೆದ್ದವರ ಉಡುಪು, ವಾಹನ, ಆಯುಧಗಳನ್ನು ಸೋತವರು ಅನುಕರಿಸುತ್ತಾರೆ ಎಂದು ಟುನಿಸ್‌ನಲ್ಲಿ ಹುಟ್ಟಿದ ಇತಿಹಾಸಕಾರ ಇಬ್ನ್ ಖಲ್ದೂನ್ 1377ರಲ್ಲಿ ಬರೆದ ತನ್ನ 'ಮುಕದ್ದಿಮಾ'ದಲ್ಲಿ ಗುರುತಿಸಿದ್ದಾನೆ. ಗೆದ್ದವರ ಗೆಲುವಿಗೆ ಅವರ ಆ ರೀತಿ ರಿವಾಜುಗಳೇ ಕಾರಣ ಎಂಬ ಭ್ರಮೆ ಸೋತವರ ಮನಸ್ಸಿನಲ್ಲಿ ಬೇರೂರುತ್ತದೆ ಎನ್ನುವುದು ಅವನ ವಿವರಣೆ. ವಾಹನದ ಹೆಸರನ್ನು ಅವನು ಅಲ್ಲಿ ಸೇರಿಸಿದ್ದು ಸುಮ್ಮನೆ ಅಲ್ಲ. ನೆಲದಿಂದ ಒಂದಡಿ ಮೇಲೆ ಕೂತು ಹೋಗುವವನನ್ನು ಕೆಳಗಿನಿಂದ ನೋಡುವ ಕಣ್ಣು ಎಲ್ಲ ಕಾಲದಲ್ಲೂ ಒಂದೇ ಆಗಿರುತ್ತದೆ.

ಲೈಸೆನ್ಸಿನ ಕಾಲ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಜಿಲ್ಲೆಗೆ ಮೋಟಾರು ಬಂತು. ಸಿಪಿಸಿ, ಶಂಕರ್ ವಿಠಲ, ಹನುಮಾನ್ ಎಂಬ ಬಸ್ ಕಂಪೆನಿಗಳ ಹೆಸರು ಇಂದಿಗೂ ಹಳಬರ ಬಾಯಲ್ಲಿದೆ. ಬಸ್ಸಿನಲ್ಲಿ ಕಾಸು ಕೊಟ್ಟವರಿಗೆಲ್ಲ ಸೀಟು ಸಿಗುತ್ತಿತ್ತು. ನಮ್ಮ ಸಮಾಜದಲ್ಲಿ ಅದು ಸಣ್ಣ ಬದಲಾವಣೆಯಲ್ಲ. ಆದರೆ ಬಸ್ಸು ಎಲ್ಲರದ್ದಾದ ಕೂಡಲೇ ಗೌರವ ಅಲ್ಲಿಂದ ಇಳಿದು ಕಾರು ಹತ್ತಿತು. ಕಾರು ಇದ್ದುದು ಅಧಿಕಾರಿಗಳಿಗೆ, ದೊಡ್ಡ ಜಮೀನ್ದಾರರಿಗೆ, ಕೆಲವೇ ವೈದ್ಯರು ಮತ್ತು ವಕೀಲರಿಗೆ.

ಸ್ವಾತಂತ್ರ್ಯದ ನಂತರವೂ ಕಾರು ಅಪರೂಪದ್ದಾಗಿಯೇ ಉಳಿಯಿತು. ವಿದೇಶಿ ಕಾರುಗಳ ಆಮದಿಗೆ ಕಡಿವಾಣ ಬಿತ್ತು. ದೇಶದೊಳಗೆ ತಯಾರಿಸಲು ಕೆಲವೇ ಕಂಪೆನಿಗಳಿಗೆ ಲೈಸೆನ್ಸ್ ಇತ್ತು. 1942ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮೋಟಾರ್ಸ್, 1944ರಲ್ಲಿ ಸ್ಥಾಪನೆಯಾದ ಪ್ರೀಮಿಯರ್ ಆಟೋಮೊಬೈಲ್ಸ್ ಮತ್ತು ಮದ್ರಾಸಿನ ಸ್ಟ್ಯಾಂಡರ್ಡ್ ಎಂದರೆ ಮುಗಿಯಿತು. 1950ರ ದಶಕದ ಕೊನೆಯಲ್ಲಿ ಬಂದ ಅಂಬಾಸಿಡರ್ 2014ರವರೆಗೆ ತಯಾರಾಯಿತು. ಹಣ ಕಟ್ಟಿದವರೂ ವರ್ಷಗಟ್ಟಲೆ ಕಾಯಬೇಕಿತ್ತು. ಮಂತ್ರಿ, ಕಲೆಕ್ಟರರೂ ಅದರಲ್ಲೇ ಓಡಾಡುತ್ತಿದ್ದುದರಿಂದ ಅಂಬಾಸಿಡರ್ ಎಂದರೆ ಸರಕಾರ ಎಂಬ ಭಾವನೆ ಬೆಳೆಯಿತು. ಹೀಗೆ ಹುಟ್ಟಿನಿಂದ ಬರುತ್ತಿದ್ದ ದಂಡಿಗೆಯ ಗೌರವವನ್ನು ಪರವಾನಿಗೆಯಿಂದ ಬರುವ ಕಾರು ವಹಿಸಿಕೊಂಡಿತು.

ಜೀಪೆಂಬ ಬೇರೆಯೇ ಕಥೆ

ಇದೇ ಕಾಲದಲ್ಲಿ ಸುಳ್ಯ ಮತ್ತು ಕಡಬದ ಗುಡ್ಡಗಳಲ್ಲಿ ಬೇರೊಂದು ವಾಹನ ಬೇರೆಯೇ ಪಾಠ ಕಲಿಸುತ್ತಿತ್ತು. ಅದು ಜೀಪು. 1945ರಲ್ಲಿ 'ಮಹೀಂದ್ರ ಅಂಡ್ ಮುಹಮ್ಮದ್' ಎಂಬ ಹೆಸರಿನಲ್ಲಿ ಒಂದು ಕಂಪೆನಿ ಆರಂಭವಾಯಿತು. ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಂ ಮುಹಮ್ಮದ್. ದೇಶ ವಿಭಜನೆಯ ನಂತರ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿಯ ಹೆಸರು 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಈ ಕಂಪೆನಿ ಜೋಡಿಸಲು ಆರಂಭಿಸಿದ ವಿಲ್ಲಿಸ್ ಜೀಪಿನ ಸಂತತಿಯೇ ನಮ್ಮ ಘಟ್ಟದ ದಾರಿಗಳನ್ನು ಹತ್ತಿದ್ದು.

ಡಾಮರು ಕಾಣದ ಊರುಗಳಿಗೆ ಸರ್ವಿಸ್ ಜೀಪೇ ಬಸ್ಸು, ಅದೇ ಆಂಬುಲೆನ್ಸ್, ಅದೇ ಲಾರಿ. ಒಳಗೆ ಹದಿನೈದು ಜನ, ಹಿಂದೆ ನೇತಾಡುವವರು ನಾಲ್ವರು, ಮೇಲೆ ಅಡಿಕೆ ಗೋಣಿ. ತೋಟದ ಧಣಿ, ಶಾಲೆಯ ಮೇಷ್ಟ್ರು, ರಬ್ಬರ್ ಟ್ಯಾಪಿಂಗಿಗೆ ಹೋಗುವವನು, ಹೆರಿಗೆಗೆ ಹೊರಟ ಹೆಂಗಸು ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬೇಕು. ಇದನ್ನು ಚೆಂದಗಾಣಿಸಿ ಹೇಳುವ ಅಗತ್ಯವಿಲ್ಲ, ಆ ಪ್ರಯಾಣದಲ್ಲಿ ಕಷ್ಟವಿತ್ತು, ಅಪಾಯವೂ ಇತ್ತು. ಆದರೆ ಆ ಜೀಪಿನ ಡ್ರೈವರನಿಗೆ ಊರಿನಲ್ಲಿದ್ದ ಮರ್ಯಾದೆಯನ್ನು ನೋಡಿದವರು ನಾವು. ಮಧ್ಯರಾತ್ರಿ ಬಾಗಿಲು ತಟ್ಟಿದರೂ ಎದ್ದು ಬರುತ್ತಾನೆ ಎಂಬುದಕ್ಕಾಗಿ ಸಿಕ್ಕಿದ ಮರ್ಯಾದೆ ಅದು. ವಾಹನದಿಂದ ಬರುವ ಗೌರವ ಎರಡು ಬಗೆಯದ್ದಾಗಿರಬಹುದು ಎಂಬುದಕ್ಕೆ ಅವನೇ ಸಾಕ್ಷಿ.

ಗೇಣಿದಾರನ ಅಂಗಳಕ್ಕೆ ಬಂದ ಕಾರು

1970ರ ದಶಕ ಈ ಸೀಮೆಯನ್ನು ಬುಡಮೇಲು ಮಾಡಿತು. ದೇವರಾಜ ಅರಸರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಡಿಕ್ಲರೇಶನ್ ಕೊಟ್ಟ ಚಾಲಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ರಾಜ್ಯದಲ್ಲಿ ಈ ಕಾಯ್ದೆ ಹೆಚ್ಚು ಪರಿಣಾಮ ಬೀರಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅದಕ್ಕೆ ಒಂದು ವರ್ಷ ಮೊದಲು, 1973ರಲ್ಲಿ, ಅಡಿಕೆ ಧಾರಣೆಯ ಕುಸಿತದಿಂದ ಪಾಠ ಕಲಿತ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೋ ಕಟ್ಟಿದ್ದರು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟು ಕಾರ್ಖಾನೆ ಆರಂಭವಾಯಿತು. ಕೇರಳದಿಂದ ಬಂದು ಕಡಬ, ನೆಲ್ಯಾಡಿ ಕಡೆ ನೆಲೆಸಿದ ಕ್ರೈಸ್ತ ಕೃಷಿಕರು ಕಾಡುಗುಡ್ಡದಲ್ಲಿ ರಬ್ಬರ್ ಬೆಳೆಸಿದರು. ತೈಲದ ಬೆಲೆ ಏರಿದ ಮೇಲೆ ನಮ್ಮ ಯುವಕರು ಮುಂಬೈ ದಾರಿಯಾಗಿ ಗಲ್ಫ್‌ಗೆ ಹೊರಟರು.

ಗಲ್ಫ್‌ನಿಂದ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದವನು ಊರಿಗೆ ಬರುತ್ತಿದ್ದುದು ಅಂಬಾಸಿಡರ್ ಟ್ಯಾಕ್ಸಿಯಲ್ಲಿ. ಮೇಲೆ ಹಗ್ಗ ಬಿಗಿದ ಪೆಟ್ಟಿಗೆಗಳು, ಹಿಂದೆ ಓಡುವ ಮಕ್ಕಳು. ಅಲ್ಲಿ ಅವನು ಒಂದೇ ಕೋಣೆಯಲ್ಲಿ ಎಂಟು ಜನರ ಜೊತೆ ಮಲಗುತ್ತಿದ್ದನೆಂದು ಇಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಕಾರು ಮಾತ್ರ. ಎರಡು ವರ್ಷದ ಬೆವರನ್ನು ಊರಿಗೆ ತೋರಿಸಲು ಅವನಿಗೆ ಬೇರೆ ಭಾಷೆಯೇ ಇರಲಿಲ್ಲ.

ಇಲ್ಲಿ ನಾವು ನ್ಯಾಯವಾಗಿ ಯೋಚಿಸಬೇಕು. ಅಜ್ಜ ಯಾರ ಅಂಗಳದ ಹೊರಗೆ ಕೈಕಟ್ಟಿ ನಿಂತಿದ್ದನೋ, ಅದೇ ಅಂಗಳದೊಳಗೆ ಮೊಮ್ಮಗ ಕಾರು ತಂದು ನಿಲ್ಲಿಸಿ ಬಾಗಿಲು ಹಾಕಿದರೆ, ಆ ಸದ್ದಿನಲ್ಲಿ ಕೇಳಿಸುವುದು ಬರೀ ಜಂಭವಲ್ಲ. ಭೂಮಿಯ ದಾಖಲೆ ಪೆಟ್ಟಿಗೆಯೊಳಗೆ ಇರುತ್ತದೆ, ಬ್ಯಾಂಕಿನ ಪಾಸ್‌ಬುಕ್ಕು ಕಪಾಟಿನಲ್ಲಿ ಇರುತ್ತದೆ. ಕಾರು ರಸ್ತೆಯಲ್ಲಿ ಓಡುತ್ತದೆ. ಹುಟ್ಟಿನ ಅಪ್ಪಣೆ ಬೇಕಿಲ್ಲದ, ಯಾರೂ ಹೆಗಲು ಕೊಡಬೇಕಿಲ್ಲದ ಮೊದಲ ದಂಡಿಗೆ ಅದು. "ನಾವೂ ಮನುಷ್ಯರು" ಎಂದು ಹೇಳಲು ಒಂದು ತಲೆಮಾರಿಗೆ ಕಾರು ಬೇಕಾಯಿತು. ಆ ತಲೆಮಾರನ್ನು ನಾವು ಗೇಲಿ ಮಾಡಲಾರೆವು.

ಕೊನೆಯಿಲ್ಲದ ಏಣಿ

ತೊಂದರೆ ಆರಂಭವಾದದ್ದು ಆಮೇಲೆ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800ರ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದಾಗ ಅದರ ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟುಪಾಡು ಹೋಯಿತು. 1998ರಲ್ಲಿ ಸ್ಯಾಂಟ್ರೋ, ಇಂಡಿಕಾ ಬಂದವು. 2000ದಲ್ಲಿ ನಮ್ಮದೇ ರಾಜ್ಯದ ಬಿಡದಿಯಿಂದ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದವು. ಅದೇ ಕಾಲಕ್ಕೆ ಬ್ಯಾಂಕುಗಳು ಸಾಲದ ಅರ್ಜಿ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದವು. ಕಾರು ಹಲವರ ಕೈಗೆ ಸಿಕ್ಕಿತು. ಸಿಕ್ಕಿದ ಕೂಡಲೇ ಕಾರು ಇರುವುದಷ್ಟೇ ಗೌರವಕ್ಕೆ ಸಾಲದಾಯಿತು, "ಯಾವ ಕಾರು?" ಎಂಬ ಪ್ರಶ್ನೆ ಹುಟ್ಟಿತು.

ಈ ಪ್ರಶ್ನೆ ತಾನಾಗಿ ಹುಟ್ಟಿದ್ದಲ್ಲ, ಅದನ್ನು ಹುಟ್ಟಿಸಲಾಯಿತು. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1908ರಲ್ಲಿ ಮಾಡೆಲ್ ಟಿ ಕಾರು ತಂದಾಗ ಅದರ ಬೆಲೆ ಸುಮಾರು 850 ಡಾಲರ್. 1920ರ ದಶಕದ ಮಧ್ಯಕ್ಕೆ ಅದನ್ನು 300 ಡಾಲರಿಗಿಂತ ಕೆಳಗೆ ಇಳಿಸಿದ. ಎಲ್ಲರಿಗೂ ಒಂದೇ ಕಾರು, ಗಟ್ಟಿಯಾದ ಕಾರು, ಅಗ್ಗದ ಕಾರು ಎಂಬುದು ಅವನ ಲೆಕ್ಕ. ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಬೇರೆಯೇ ಲೆಕ್ಕ ಹಾಕಿದ. ಕೆಳಗಿನ ಮೆಟ್ಟಿಲಲ್ಲಿ ಷೆವರ್ಲೆ, ಮೇಲಿನ ಮೆಟ್ಟಿಲಲ್ಲಿ ಕ್ಯಾಡಿಲಾಕ್, ನಡುವೆ ಇನ್ನಷ್ಟು ಮೆಟ್ಟಿಲುಗಳು. ವರ್ಷ ವರ್ಷ ಹೊಸ ಮಾದರಿ. ಏಣಿ ಹತ್ತಲು ಹಣವಿಲ್ಲದವರಿಗೆ ಕಂತಿನ ಸಾಲ ಕೊಡಲು 1919ರಲ್ಲೇ ಆ ಕಂಪೆನಿ ಪ್ರತ್ಯೇಕ ಸಂಸ್ಥೆ ತೆರೆದಿತ್ತು. 1927ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿಯನ್ನು ನಿಲ್ಲಿಸಬೇಕಾಯಿತು. ಕಾರು ಕೆಟ್ಟದ್ದಾದ ಕಾರಣ ಸೋತದ್ದಲ್ಲ ಅದು, ಎಲ್ಲರ ಬಳಿಯೂ ಇದ್ದ ಕಾರಣ ಸೋತದ್ದು. ದುಬಾರಿ ಎಂಬುದೇ ಕೆಲವು ವಸ್ತುಗಳ ಆಕರ್ಷಣೆ, ಕೊಳ್ಳುವವನು ನೋಡುವವರ ಕಣ್ಣಿಗಾಗಿ ಕೊಳ್ಳುತ್ತಾನೆ ಎಂದು ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲೇ ಪುಸ್ತಕ ಬರೆದು ತೋರಿಸಿದ್ದ.

ಇದು ಅಮೆರಿಕದ ಮಾತು, ನಮಗೆ ಅನ್ವಯಿಸದು ಎನ್ನುವವರಿಗೆ ನಮ್ಮ ದೇಶದ್ದೇ ಉದಾಹರಣೆ ಇದೆ. ಸ್ಕೂಟರಿನಲ್ಲಿ ಮಳೆಗೆ ನೆನೆಯುತ್ತಾ ಹೋಗುವ ನಾಲ್ವರ ಕುಟುಂಬವನ್ನು ನೋಡಿ ರತನ್ ಟಾಟಾ ಒಂದು ಲಕ್ಷ ರೂಪಾಯಿಯ ಕಾರಿನ ಕನಸು ಕಂಡರು. 2008ರಲ್ಲಿ ಪ್ರದರ್ಶನಗೊಂಡ ನ್ಯಾನೋ 2009ರಲ್ಲಿ ಮಾರುಕಟ್ಟೆಗೆ ಬಂತು. ಗುಜರಾತಿನ ಸಾನಂದ್ ಕಾರ್ಖಾನೆ ವರ್ಷಕ್ಕೆ ಎರಡೂವರೆ ಲಕ್ಷ ಕಾರು ತಯಾರಿಸುವಷ್ಟು ದೊಡ್ಡದು. ಆದರೆ ಇಡೀ ಹತ್ತು ವರ್ಷಗಳಲ್ಲಿ ಮಾರಾಟವಾದದ್ದು ಸುಮಾರು ಮೂರು ಲಕ್ಷ. ಸಿಂಗೂರಿನ ಭೂಮಿಯ ಗಲಾಟೆ, ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ ಇವೆಲ್ಲ ಕಾರಣಗಳೇ. ಆದರೆ "ಅತ್ಯಂತ ಅಗ್ಗದ ಕಾರು" ಎಂದು ಕರೆಸಿಕೊಂಡದ್ದೇ ಅದಕ್ಕೆ ಮುಳುವಾಯಿತೆಂದು ಟಾಟಾ ಅವರೇ ಆಮೇಲೆ ಒಪ್ಪಿಕೊಂಡರು. ಮಳೆಯಿಂದ ತಪ್ಪಿಸಿಕೊಳ್ಳಲು ನ್ಯಾನೋ ಸಾಕಿತ್ತು. ಮದುವೆ ಹಾಲ್‌ನ ಗೇಟಿಗೆ ಅದು ಸಾಕಾಗಲಿಲ್ಲ.

ಹಿಂಗಾರ ಮತ್ತು ಕಂತು

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಎಂಟು ಲಕ್ಷ ರೂಪಾಯಿ ಸಾಲ, ಶೇ. 9 ಬಡ್ಡಿ, ಏಳು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 12,870 ರೂಪಾಯಿ. ಏಳು ವರ್ಷ ಮುಗಿಯುವಾಗ ಕಟ್ಟಿದ ಮೊತ್ತ ಹತ್ತು ಲಕ್ಷದ ಎಂಬತ್ತು ಸಾವಿರ ದಾಟುತ್ತದೆ, ಅದರಲ್ಲಿ ಬಡ್ಡಿಯೇ ಎರಡು ಲಕ್ಷದ ಎಂಬತ್ತು ಸಾವಿರ. ಡೀಸೆಲ್, ಟಯರ್, ಸರ್ವಿಸ್, ವಿಮೆ ಬೇರೆ. ಇಷ್ಟೆಲ್ಲ ಕೊಟ್ಟ ವಸ್ತುವಿನ ಬೆಲೆ ಏನಾಗುತ್ತದೆ? ವಿಮಾ ಕಂಪೆನಿಗಳ ಪಟ್ಟಿಯನ್ನೇ ನೋಡಿ. ಆರು ತಿಂಗಳೊಳಗೆ ಬೆಲೆಯಲ್ಲಿ ಶೇ. 5 ಕಡಿತ, ಮೂರನೆಯ ವರ್ಷದಲ್ಲಿ ಶೇ. 30, ಐದನೆಯ ವರ್ಷದಲ್ಲಿ ಶೇ. 50.

ಈಗ ಅದೇ ಏಳು ವರ್ಷವನ್ನು ತೋಟದಲ್ಲಿ ಎಣಿಸಿ. ಇಂದು ನೆಟ್ಟ ಅಡಿಕೆ ಸಸಿ ಐದಾರು ವರ್ಷಕ್ಕೆ ಹಿಂಗಾರ ಬಿಡುತ್ತದೆ. ಅಂದರೆ ಕಾರಿನ ಸಾಲ ತೀರುವ ಹೊತ್ತಿಗೆ ತೋಟ ಕೊಡಲು ಆರಂಭಿಸಿರುತ್ತದೆ, ಕಾರು ಕೊಡುವುದನ್ನು ನಿಲ್ಲಿಸಿರುತ್ತದೆ. ಅದೂ ಕೊಳೆರೋಗಕ್ಕೆ ಮದ್ದು ಬಿಟ್ಟು ಬೆಳೆ ಉಳಿಸಿಕೊಂಡರೆ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತಗಲಿ ಕಣ್ಣೆದುರೇ ತೋಟ ಬರಿದಾದವರನ್ನು ಕೇಳಿ. ಇಳುವರಿ ನಿಲ್ಲಬಹುದು, ಧಾರಣೆ 2000ದ ಆಚೀಚೆ ಕುಸಿದಂತೆ ಕುಸಿಯಬಹುದು, ಕಂತು ಮಾತ್ರ ಕುಸಿಯುವುದಿಲ್ಲ.

ಹಾಗೆಂದು ಕಾರೇ ಬೇಡ ಎಂದು ನಾವು ಹೇಳುತ್ತಿಲ್ಲ. ರಸ್ತೆಯಿಂದ ಎರಡು ಕಿಲೋಮೀಟರ್ ಒಳಗಿರುವ ಮನೆ, ಸಂಜೆ ಆರರ ಬಳಿಕ ಬಸ್ಸಿಲ್ಲದ ಊರು, ಹಾಸಿಗೆ ಹಿಡಿದ ತಾಯಿ ಇದ್ದರೆ ಕಾರು ಅಗತ್ಯವೇ. ಆದರೆ ಕಾರಿನ ಬೆಲೆಯಲ್ಲಿ ಎರಡು ಭಾಗಗಳಿವೆ. ಒಂದು, ಮಳೆಯಲ್ಲಿ ನೆನೆಯದೆ ಆಸ್ಪತ್ರೆ ತಲುಪುವುದರ ಬೆಲೆ. ಇನ್ನೊಂದು, ನೋಡುವವರ ಕಣ್ಣಿನ ಬೆಲೆ. ಹಳೆಯ ಓಮ್ನಿಯೊಂದರಲ್ಲಿ ತೀರುವ ಅಗತ್ಯಕ್ಕೆ ಹದಿನೈದು ಲಕ್ಷದ ಗಾಡಿ ತಂದರೆ ನಡುವಿನ ವ್ಯತ್ಯಾಸ ಪೂರ್ತಿ ಎರಡನೆಯ ಲೆಕ್ಕಕ್ಕೆ ಹೋಗುತ್ತದೆ. 'ಕೆಎ 21'ರ ಮುಂದೆ ಬೇಕಾದ ಅಂಕಿ ಹಾಕಿಸಲು ಹರಾಜಿನಲ್ಲಿ ಕೂಗುವ ಹಣವೂ ಅದೇ ಲೆಕ್ಕಕ್ಕೆ. ಯಾವ ಇಂಜಿನಿಗೂ ಆ ಅಂಕಿಯಿಂದ ಒಂದು ಗುಟುಕು ಡೀಸೆಲ್ ಉಳಿಯುವುದಿಲ್ಲ.

ಯಾರ ಹೆಗಲು?

ಈ ಎರಡನೆಯ ಲೆಕ್ಕವನ್ನು ಎಷ್ಟೋ ಸಲ ಕಾರು ಓಡಿಸುವವನು ಕಟ್ಟುವುದಿಲ್ಲ, ಹೆಣ್ಣು ಹೆತ್ತವರು ಕಟ್ಟುತ್ತಾರೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದೆ. ಹಣ ಕೇಳಲು ನಾಚುವವರು ಈಗ ಕಾರು ಕೇಳಲು ನಾಚುವುದಿಲ್ಲ. ಕೇಳದಿದ್ದರೂ "ಅವರ ಮನೆಯವರು ಏನು ಕೊಡ್ತಾರಂತೆ?" ಎಂಬ ಮಾತು ಕಿವಿಯಿಂದ ಕಿವಿಗೆ ಹೋಗಿ ಹೆಣ್ಣಿನ ತಂದೆಯನ್ನು ಮುಟ್ಟುತ್ತದೆ. ಗಂಡೇ ಹೆಣ್ಣಿಗೆ ಮಹರ್ ಕೊಟ್ಟು ಮದುವೆಯಾಗಬೇಕಾದ ನಮ್ಮ ಸಮುದಾಯದಲ್ಲೂ ಇದು ನಡೆಯುತ್ತದೆ ಎಂಬುದು ನಾವು ತಲೆ ತಗ್ಗಿಸಬೇಕಾದ ಸಂಗತಿ. ಮಗಳನ್ನು ಕಳುಹಿಸಲು ಐದು ಸೆಂಟ್ಸ್ ಜಾಗ ಮಾರಿದ ತಂದೆಯ ಹೆಗಲ ಮೇಲೆ ಅಳಿಯನ ಕಾರು ಓಡುತ್ತಿರುತ್ತದೆ. ದಂಡಿಗೆ ಹೋಗಿದೆ, ಹೊರುವವರು ಹೋಗಿಲ್ಲ.

ನಮ್ಮ ದೇಶದಲ್ಲಿ ಎಲ್ಲರ ಬಳಿಯೂ ಕಾರು ಇದೆ ಎಂಬ ಭ್ರಮೆಯನ್ನೂ ಬಿಡಬೇಕು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕಾರು ಇರುವ ಮನೆಗಳು ನೂರಕ್ಕೆ ಎಂಟಕ್ಕಿಂತಲೂ ಕಡಿಮೆ. ಉಳಿದವರು ಬೈಕು, ಬಸ್ಸು, ಕಾಲ್ನಡಿಗೆಯಲ್ಲೇ ಬದುಕುತ್ತಾರೆ. 2023ರ ಜೂನ್ 11ರಿಂದ ರಾಜ್ಯದಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂದ ಮೇಲೆ ಸುಳ್ಯ, ಪುತ್ತೂರಿನ ಬಸ್ಸುಗಳು ಹೆಂಗಸರಿಂದ ತುಂಬಿದವು. ಎಷ್ಟು ಜನ ತವರಿಗೆ, ಕೆಲಸಕ್ಕೆ, ಆಸ್ಪತ್ರೆಗೆ ಹೋಗಲಾಗದೆ ಉಳಿದಿದ್ದರು ಎಂಬುದು ಆಗ ಕಣ್ಣಿಗೆ ಬಿತ್ತು. ಆದರೆ ಬಸ್ಸು ಸಾಕಾಗದಿದ್ದರೆ ಕೇಳುವವರು ಯಾರು? ಊರಿನಲ್ಲಿ ಮಾತಿಗೆ ಬೆಲೆಯಿರುವವರೆಲ್ಲ ಬಸ್ಸಿನಿಂದ ಇಳಿದು ಕಾರು ಹತ್ತಿದರೆ, ಬಸ್ಸಿಗಾಗಿ ಅರ್ಜಿ ಹಿಡಿದು ಡಿಪೋಗೆ ಹೋಗುವ ಸ್ವರವೂ ಸಣ್ಣದಾಗುತ್ತದೆ. ಆಗ ಮುಂದಿನ ಮನೆಯವರಿಗೂ ಕಾರು ಅನಿವಾರ್ಯವಾಗುತ್ತದೆ.

ಕಾರನ್ನು ಗೌರವದ ಗುರುತಾಗಿ ಮಾಡಿದವರು ಕಾರು ಕೊಂಡವರು ಮಾತ್ರವಲ್ಲ. ನೋಡುವ ನಮ್ಮ ಕಣ್ಣು, ಸ್ವಾಗತಿಸುವ ನಮ್ಮ ಕೈ ಕೂಡ ಅದರಲ್ಲಿ ಪಾಲುದಾರರು. ಗೇಟಿನ ಬಳಿ ನಾವು ಮರ್ಯಾದೆಯನ್ನು ಗಾಡಿ ನೋಡಿ ಹಂಚುವವರೆಗೆ ಜನ ಮರ್ಯಾದೆಗಾಗಿ ಗಾಡಿ ಕೊಳ್ಳುತ್ತಲೇ ಇರುತ್ತಾರೆ. ಅವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಏಕೆಂದರೆ ನಮ್ಮ ನಡುವೆ ಬದುಕಲು ಬೇಕಾದದ್ದನ್ನೇ ಅವರು ಕೊಳ್ಳುತ್ತಿದ್ದಾರೆ.

ಮುಂದಿನ ಮದುವೆ ನಮ್ಮ ಮನೆಯದ್ದೇ ಆಗಿದ್ದರೆ ಒಂದು ಕೆಲಸ ಮಾಡೋಣ. ಮನೆಯ ಹಿರಿಯರೊಬ್ಬರು ಪಾರ್ಕಿಂಗ್ ಕಡೆ ಬೆನ್ನು ಹಾಕಿ, ಬಸ್‌ಸ್ಟ್ಯಾಂಡಿನ ದಾರಿ ಕಾಣುವ ಹಾಗೆ ಗೇಟಿನಲ್ಲಿ ನಿಲ್ಲಲಿ. ಬಿಸಿಲಲ್ಲಿ ನಡೆದು ಬಂದವರ ಕೈ ಹಿಡಿದು ಒಳಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಲೋಟ ಶರಬತ್ತು ಕೊಡಲಿ. ಹೇಗೆ ಬಂದದ್ದು ಎಂದು ಮಾತ್ರ ಕೇಳದಿರಲಿ.